ಅಂಗಳದೊಳಗಿನ ಹಗೇವು

ಕಣ್ಣಿಗೆ ಕಾಣದ್ದರ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವುದು ನನಗೆ ಮೊದಲಿನಿಂದಲೂ ಇಷ್ಟ. ಸುಳ್ಳು ಎನ್ನಲು ಯಾರಿಗೂ ಧೈರ್ಯ ಬರುವುದಿಲ್ಲ ನೋಡಿ. ತಿರ್ಲಾಪುರದ ನಮ್ಮ ಮನೆಯ ಅಂಗಳದಲ್ಲಿ ಅಂಥದೊಂದು ಇದೆ. ಹಗೇವು ಎನ್ನುತ್ತೇವೆ. ಹಿಂದಿನವರು ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮುಚ್ಚುತ್ತಿದ್ದ ನೆಲದೊಳಗಿನ ಕಣಜ. ಈಗ ಅದು ಖಾಲಿ, ಮೊನ್ನೆಯವರೆಗೆ ಎಲ್ಲಿದೆಯೆಂಬುದೂ ಯಾರಿಗೂ ಗೊತ್ತಿರಲಿಲ್ಲ. ಮನೆಯ ಹಿರಿಯ ಬಸಪ್ಪ ಕಾಕಾನನ್ನು ಕೇಳಿದರೆ ಬೆಳಿಗ್ಗೆ ಬೇವಿನ ಮರದ ಕಡೆ ಕೈ ತೋರಿಸುತ್ತಿದ್ದ, ಉಂಡ ಮೇಲೆ ಬಚ್ಚಲ ಕಡೆ.

ನನ್ನ ಹೆಂಡತಿ ಶಾಂತಾಳಿಗೆ ಗಾಳಿಯಾಡದ ಕೋಣೆಯಲ್ಲಿ ರೊಟ್ಟಿ ಬಡಿದು ಸಾಕಾಗಿತ್ತು. ಅಂಗಳದಲ್ಲಿ ಹೊಸ ಅಡುಗೆಮನೆ ಬೇಕೆಂದು ಮಾತೆತ್ತಿದಾಗಲೆಲ್ಲ ನಾನು ಹಗೇವನ್ನು ಮುಂದೆ ಮಾಡುತ್ತಿದ್ದೆ. ಪಾಯ ತೋಡುವವರು ಒಳಗೆ ಬಿದ್ದರೆ ಯಾರು ಹೊಣೆ? ದಿನಾ ಸಂಜೆ ಅಂಗಳದ ನಡುವೆ ಕುರ್ಚಿ ಹಾಕಿಕೊಂಡು ಕುಳಿತು, ಬಂದವರಿಗೆಲ್ಲ ಗೋಡೆಯ ಬಾಜು ಹಾದುಹೋಗಲು ತಾಕೀತು ಮಾಡುವುದೇ ನನ್ನ ಉದ್ಯೋಗವಾಗಿತ್ತು. ನಮ್ಮ ಎಮ್ಮೆಗೂ ಅದು ರೂಢಿಯಾಗಿತ್ತು.

ಅಷ್ಟರಲ್ಲಿ ಊರಾಚೆಯ ದಿಬ್ಬದಡಿ ಹಳೆಯ ಊರು ಹೂತಿದೆಯೇ ಎಂದು ನೋಡಲು ಸುಜಾತಾ ಎಂಬ ಸಂಶೋಧಕಿ ತಂಡದೊಡನೆ ಬಂದರು. ಗುದ್ದಲಿಯಿಲ್ಲ, ಸಲಿಕೆಯಿಲ್ಲ. ನೆಲಕ್ಕೆ ಸಾಲಾಗಿ ಗೂಟ ಚುಚ್ಚಿ, ತಂತಿ ಜೋಡಿಸಿ, ಸಣ್ಣಗೆ ಕರೆಂಟು ಬಿಟ್ಟರು. ಹಸಿ ಮಣ್ಣಿನಲ್ಲಿ ಅದು ಸಲೀಸಾಗಿ ಹರಿಯುತ್ತದಂತೆ, ಕಲ್ಲೋ ಪೊಳ್ಳೋ ಸಿಕ್ಕರೆ ತಡೆಯುತ್ತದಂತೆ. ಆ ತಡೆಯನ್ನು ಅಳೆದೇ ಒಳಗಿನದರ ಚಿತ್ರ ಬಿಡಿಸುತ್ತಾರೆ. ಹಿಡಿ ಮಣ್ಣೂ ಕದಲದೆ ಕಂಪ್ಯೂಟರಿನಲ್ಲಿ ಯಾರದೋ ಮನೆಯ ಗೋಡೆ, ಮೂಲೆ ಮೂಡಿದಾಗ ನನ್ನ ಮೈ ಜುಮ್ಮೆಂದಿತು. ಅಬ್ಬಾ, ಎಂಥ ವಿದ್ಯೆ! ಅಲ್ಲಿ ಇಷ್ಟು ವರ್ಷ ನಾವು ಆಡು ಮೇಯಿಸಿದ್ದೆವು.

ಶಾಂತಾ ನನ್ನಷ್ಟು ಹೊತ್ತು ಬೆರಗಾಗಿ ನಿಲ್ಲಲಿಲ್ಲ. ತಂಡವನ್ನು ಊಟಕ್ಕೆ ಕರೆದು, ಎಲ್ಲರೂ ಕೈತೊಳೆದ ಮೇಲೆ ಮೆಲ್ಲಗೆ ಹೇಳಿದಳು. "ಮೇಡಮ್ಮಾರ, ನಮ್ಮ ಅಂಗಳಾನೂ ಒಂದೀಟ ನೋಡಿಕೊಡ್ರಿ."

ಗೂಟ ಚುಚ್ಚಿದರು. ಓಣಿಯ ಮಂದಿಯೆಲ್ಲ ಗೋಡೆಗಂಟಿ ನಿಂತಿತ್ತು. ನಾನು ಕುರ್ಚಿಯಲ್ಲಿ ಕುಳಿತು ಅವರಿಗೆ ಕರೆಂಟಿನ ಮಹಿಮೆ ವಿವರಿಸುತ್ತಿದ್ದೆ. ಸುಜಾತಾ ಕಂಪ್ಯೂಟರು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಂಪ್ಯೂಟರು ನೋಡಿದರು.

"ಸರ್, ಸಾವಕಾಶ ಎದ್ದು ಈ ಕಡೆ ಬರ್ರಿ."

ಹಗೇವು ಸರಿಯಾಗಿ ನನ್ನ ಕುರ್ಚಿಯ ಕೆಳಗಿತ್ತು. ಕಾಕಾ ಕೋಲಿನಿಂದ ಮಣ್ಣು ಕೆದರಿದ, ಚಪ್ಪಡಿಯ ಅಂಚು ಕಂಡಿತು. ನಡುವೆ ಬಿರುಕು ಬಿಟ್ಟಿತ್ತು. ಶಾಂತಾ ಒಂದು ಗಳಿಗೆ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಆಮೇಲೆ ಬಿಟ್ಟಳು.

"ನಿಮ್ಮ ಮಾತ ಕೇಳಿ ಎಮ್ಮಿ ಸೈತ ಬಾಜು ಹಾದ ಹೋಗತಿತ್ತು. ನೀವೊಬ್ರು ಕೇಳಲಿಲ್ಲ ನೋಡ್ರಿ."

ಈಗ ಬಚ್ಚಲ ಬಾಜು ಅಡುಗೆಮನೆಯ ಪಾಯ ತೋಡುತ್ತಿದ್ದಾರೆ. ಉಸ್ತುವಾರಿ ನನ್ನದೇ. ನಿಂತುಕೊಂಡೇ ಮಾಡುತ್ತಿದ್ದೇನೆ.