ಬ್ಯಾಲೆ ನೋಡಿ ಪಾವು ಎಳೆದದ್ದು

ಹೆಂಡತಿಯ ಮುಂದೆ ಇನ್ನೊಬ್ಬ ಗಂಡಸನ್ನು ಹೊಗಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆದರೂ ಆ ರಷ್ಯಾದವನನ್ನು ಇವತ್ತಿಗೂ ಹೊಗಳುತ್ತೇನೆ. ಎಂಬತ್ತರ ದಶಕದ ಕೊನೆ. ತಮಿಳು ಸೀಮೆಯ ಅವಿನಾಶಿಯ ನಮ್ಮ ನೇಕಾರರ ಬೀದಿಯಲ್ಲಿ ಟಿ.ವಿ. ಇದ್ದದ್ದು ಎದುರುಮನೆ ರಂಗಮ್ಮನವರಲ್ಲಿ ಮಾತ್ರ. ಸಿನಿಮಾ ಬರುತ್ತದೆಂದು ಹೋಗಿ ಕೂತರೆ ಬಂದದ್ದು ರಷ್ಯಾದ ಬ್ಯಾಲೆ ಕುಣಿತ. ಜನ ಒಬ್ಬೊಬ್ಬರಾಗಿ ಎದ್ದುಹೋದರು. ಒರಗಲು ಗೋಡೆ ಸಿಕ್ಕಿದ್ದರಿಂದ ನಾನು, ಕಣ್ಣು ಕೀಳಲಾಗದೆ ನನ್ನ ಹೆಂಡತಿ ಸರಸು, ಇಬ್ಬರೂ ಉಳಿದೆವು. ಕಾಲ್ಬೆರಳ ತುದಿಯಲ್ಲೇ ಓಡಿಬಂದ ಹುಡುಗಿ ಹಿಂದುಮುಂದು ನೋಡದೆ ವಾಲಿಬಿಟ್ಟಳು. ಆ ರಷ್ಯಾದವನ ಕೈ ಮೊದಲೇ ಅಲ್ಲಿತ್ತು. ಒಗೆದ ಸೀರೆಯನ್ನು ಹಗ್ಗಕ್ಕೆ ಹಾಕುವಷ್ಟು ಹಗುರವಾಗಿ ಅವಳನ್ನು ತಲೆಯ ಮೇಲೆತ್ತಿದ. ಎಷ್ಟು ಚೆನ್ನಾಗಿತ್ತೆಂದರೆ ನಾನು ಉಸಿರಾಡುವುದನ್ನೇ ಮರೆತೆ.

"ಅಷ್ಟು ಭಾರ ಎತ್ತಿದ್ರೂ ಮೂಂಜಿ ಸಿಂಡರಿಸಲ್ಲ ನೋಡಿ ಅವ," ಎಂದಳು ಸರಸು, ಅವನ ಮುಖದತ್ತ ಬೆರಳು ತೋರಿಸಿ. "ನೀವು ಪಾವು ಎಳೆದ್ರೆ ತೆರುವಿಗೆಲ್ಲಾ ಕೇಳ್ಸುತ್ತೆ."

ಬೀದಿಗೆಲ್ಲ ಕೇಳಿಸುವುದು ನಿಜ. ಪಾವು ಅಂದರೆ ನೇಯುವ ಮುಂಚಿನ, ಸೀರೆಯ ಉದ್ದೆಳೆಗಳ ಹಾಸು. ಬೆಳಗಿನ ತಂಪಿನಲ್ಲಿ ಬೀದಿಯುದ್ದ ಹರಡಿ, ಗಂಜಿ ಬಳಿದು, ಗಂಡ ಒಂದು ತುದಿಯ ಕೋಲು, ಹೆಂಡತಿ ಇನ್ನೊಂದು ತುದಿಯ ಕೋಲು ಹಿಡಿದು ಬಿಗಿಯಬೇಕು. ನಾನು ತಿಣುಕುತ್ತೇನೆ, ನರಳುತ್ತೇನೆ, ನನ್ನ ಸೊಂಟದಿಂದ ಹಿಡಿದು ಮಾವನವರ ತನಕ ಎಲ್ಲರನ್ನೂ ಬೈಯುತ್ತೇನೆ. ಮಾರನೆಯ ದಿನ ಹರಡಬೇಕಾಗಿದ್ದದ್ದು ನಮ್ಮ ಮಗಳ ಮದುವೆ ಸೀರೆಯ ಪಾವು, ಸರಸು ತಾನೇ ಬಣ್ಣ ಆರಿಸಿದ್ದು. ಕೆಟ್ಟರೆ ಇನ್ನೊಂದಕ್ಕೆ ಸಮಯವಿರಲಿಲ್ಲ. ಇದೊಂದನ್ನಾದರೂ ರಷ್ಯಾದವನ ಹಾಗೆ ಎಳೆದೇ ತೀರುವುದೆಂದು ನಿರ್ಧರಿಸಿದೆ.

ಎದೆ ಸೆಟೆಸಿ, ಮುಗುಳ್ನಗುತ್ತ, ತುಟಿಪಿಟಕ್ಕೆನ್ನದೆ ಎಳೆದೆ. ಆ ತುದಿಯಲ್ಲಿ ತಲೆ ಬಗ್ಗಿಸಿ ಎಳೆ ಬಿಡಿಸುತ್ತಿದ್ದ ಸರಸುವಿನ ಕೈಯಿಂದ ಕೋಲು ಜಾರಿತು. ಪಾವು ನೆಲಕ್ಕೆ ಕುಸಿದು, ಹಸಿ ಗಂಜಿಗೆ ಬೀದಿಯ ಮಣ್ಣೆಲ್ಲ ಮೆತ್ತಿಕೊಂಡಿತು. ಅವಳ ಕಣ್ಣಲ್ಲಿ ನೀರು ನೋಡಿ ನನ್ನ ತುದಿಯನ್ನೂ ಬಿಟ್ಟು ಅತ್ತ ಧಾವಿಸಿದೆ. ಅಷ್ಟರಲ್ಲಿ ರಂಗಮ್ಮ ಓಡಿಬಂದರು. ನಮ್ಮ ಕಡೆಯಿಂದ ಸದ್ದೇ ಬಾರದ್ದರಿಂದ ಗಂಡ ಹೆಂಡಿರು ಜಗಳವಾಡಿ ಮಾತು ಬಿಟ್ಟಿದ್ದಾರೆಂದು ರಾಜಿ ಮಾಡಿಸಲು ಬಂದಿದ್ದರಂತೆ. ಮೂವರೂ ಕೂತು ಮಣ್ಣು ತೊಳೆದು, ಸಿಕ್ಕು ಬಿಡಿಸಿ, ಅಂತೂ ಪಾವು ಉಳಿಸಿಕೊಳ್ಳುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

ಆಮೇಲೆ ಸರಸು ಮೆಲ್ಲಗೆ ಹೇಳಿದಳು: "ನೀವು ತಿಣುಕಿದ್ರೆ ಎಳೀತೀರಿ ಅಂತ ಗೊತ್ತಾಗುತ್ತೆ, ನರಳಿದ್ರೆ ನಾ ಬಿಗಿ ಹಿಡೀತೀನಿ. ಬಾಯಿ ಮುಚ್ಕೊಂಡ್ರೆ ನಾ ಹೆಂಗೆ ಹಿಡಿಯೋದು? ಇನ್ಮೇಲೆ ಬೈದುಕೊಂಡೇ ಎಳೀರಿ."

ಇಷ್ಟು ವರ್ಷ ತಲೆಯೆತ್ತದೆ, ನನ್ನ ನರಳಾಟಕ್ಕೇ ಹೆಜ್ಜೆ ಹಾಕಿದವಳು ಅವಳು. ಅವಳ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆಯೆನಿಸಿತು. ಬ್ಯಾಲೆಯಲ್ಲಿ ನನಗೊಪ್ಪುವ ಪಾತ್ರ ಯಾವುದೆಂದೂ ಅಂದು ತಿಳಿಯಿತು: ಎಲ್ಲೋ ಮರೆಯಲ್ಲಿ ಕೂತು ಕುಣಿಯುವವರ ಹೆಜ್ಜೆಗೆ ಪೀಪಿ ಊದುತ್ತಿದ್ದವನದು. ಅವನನ್ನು ಟಿ.ವಿ.ಯವರು ಒಮ್ಮೆಯೂ ತೋರಿಸಲಿಲ್ಲ.