ಎಣ್ಣೆ ಜಾಡಿಯ ಸರ್ಕಾರಿ ಹೊತ್ತು

ಸಿರುಗುಪ್ಪದ ಹೊಳೆದಂಡೆಯ ದೋಣಿ ಸುಂಕದ ಕಚೇರಿಯಲ್ಲಿ ೧೯೪೯ರ ಶ್ರಾವಣದಿಂದೀಚೆಗೆ ಯಾವ ಗಡಿಯಾರಕ್ಕೂ ನೀರು ತಗುಲಿಲ್ಲ ಎಂಬುದು ದಾಖಲೆಯಲ್ಲಿರುವ ಸಂಗತಿ. ಇದರ ಕೀರ್ತಿ ಜವಾನ ಜಡೆಪ್ಪನಿಗೆ ಸಲ್ಲತಕ್ಕದ್ದು. ಪಾಪ, ಅವನಿಗೆ ಬೇಕಾಗಿದ್ದದ್ದು ಕೀರ್ತಿಯಲ್ಲ. ಐದು ಗಂಟೆಗೆ ಮನೆಗೆ ಹೋಗಿ ಬಿಸಿ ರೊಟ್ಟಿ ತಿಂದರೆ ಸಾಕಾಗಿತ್ತು.

ಅಧಿಕಾರಿ ಚಿದಾನಂದಪ್ಪನವರಿಗೆ ಬಳ್ಳಾರಿ ಬ್ರೂಸ್‌ಪೇಟೆಯ ಮಾವ ಸ್ವಿಟ್ಜರ್ಲೆಂಡಿನ ಚಿನ್ನದ ಕೈಗಡಿಯಾರ ಕೊಟ್ಟು, ನೀರು ತಗುಲಿದರೆ ಕೆಟ್ಟಿತೆಂದು ಎಚ್ಚರಿಸಿದ್ದರು. ಮರುದಿನವೇ ಹುಕುಂ ಹೊರಟಿತು:

"ಗಡಿಯಾರದಿಂದ ಹತ್ತು ಮಾರಿನೊಳಗೆ ಯಾರೂ ನೀರು ಕುಡಿಯಕೂಡದು. ಅಳುವ ಅರ್ಜಿದಾರರು ಹೊರಗೇ ಅತ್ತು ಮುಗಿಸಿ, ಮುಖ ಒರೆಸಿಕೊಂಡು ಒಳಬರತಕ್ಕದ್ದು. ಕಚೇರಿಯ ಹೊತ್ತನ್ನು ಸದರಿ ಗಡಿಯಾರವೊಂದೇ ನಿರ್ಧರಿಸತಕ್ಕದ್ದು. ಅದಕ್ಕೆ ನೀರು ತಗುಲಿದಲ್ಲಿ ಜವಾನನ ಹಿತ್ತಾಳೆ ಬಿಲ್ಲೆಯನ್ನೂ ನೌಕರಿಯನ್ನೂ ಕಿತ್ತುಕೊಳ್ಳಲಾಗುವುದು."

ಮಳೆ ಹಿಡಿಯಿತು, ಮಾಳಿಗೆ ಸೋರಿತು. ಜಡೆಪ್ಪ ಸಾಹೇಬರ ಮುಂಗೈಗೆ ಕೊಡೆ ಹಿಡಿದು ಮೂರು ದಿನ ನಿಂತ. ಸಾಹೇಬರ ತಲೆ ತೊಯ್ದು ನೆಗಡಿಯಾಯಿತು. ತಲೆಯ ಬಗ್ಗೆ ಹುಕುಮಿನಲ್ಲಿ ಏನೂ ಇರಲಿಲ್ಲ. ಸೀನಿನ ಹನಿಯೂ ನೀರೇ ಎಂಬುದು ಹೊಳೆದಾಗ ಮಾತ್ರ ಜಡೆಪ್ಪ ಕೊಡೆಯನ್ನು ಸಾಹೇಬರ ಮೂಗಿಗೂ ಮುಂಗೈಗೂ ನಡುವೆ ತಿರುಗಿಸಿ ಹಿಡಿದ.

ಬುತ್ತಿ ತಂದಿದ್ದ ಜಡೆಪ್ಪನ ಹೆಂಡತಿ ಉಚ್ಚಂಗೆಮ್ಮ ನೋಡುವಷ್ಟು ನೋಡಿದಳು.

"ಇಷ್ಟಕ್ಕ ಯಾಕ ಒದ್ದಾಡ್ತೀರಿ? ಉಪ್ಪಿನಕಾಯಿ ಮ್ಯಾಗ ನಾಕು ಬೆರಳು ಎಣ್ಣಿ ನಿಂತ್ರ ನೀರು ಹತ್ತಂಗಿಲ್ಲ. ಗಡಿಯಾರಕ್ಕೂ ಅಷ್ಟ ರಿ."

"ಆಕಿ ಜಾಡಿ ಒಮ್ಮೆನೂ ಬೂಜು ಹಿಡಿದಿಲ್ರಿ," ಎಂದು ಜಡೆಪ್ಪ ಸಾಕ್ಷಿ ನುಡಿದ.

ಗಾಣದ ಶೇಂಗಾ ಎಣ್ಣೆ ಬಂತು. ಗಡಿಯಾರ ಗಾಜಿನ ಜಾಡಿಯ ತಳ ಸೇರಿತು. ಬಾಯಿಗೆ ಬಟ್ಟೆ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಮುಳ್ಳುಗಳು ಹನ್ನೊಂದೂ ಹತ್ತಕ್ಕೆ ನಿಂತವು.

ದೀಪ ಹಚ್ಚುವ ಹೊತ್ತಾಯಿತು. "ಸಾಹೇಬ್ರೆ, ಮನಿಗಿ ಹೋಗ್ಲೇನ್ರಿ?" ಎಂದ ಜಡೆಪ್ಪ.

ಸಾಹೇಬರು ಜಾಡಿ ನೋಡಿದರು. "ಇನ್ನೂ ಹನ್ನೊಂದೂ ಹತ್ತು. ಐದಾಗ್ಲಿ."

"ಅದು ನಿಂತೈತೇನೋ ಅನ್ನಸ್ತೈತ್ರಿ."

"ನೀರು ತಗಲೇತೇನು?"

ಜಡೆಪ್ಪ ಎದೆಯ ಬಿಲ್ಲೆ ಮುಟ್ಟಿ ನೋಡಿಕೊಂಡ. "ಇಲ್ರಿ."

"ಮತ್ತ ಕೆಡಾಕ ಕಾರಣನ ಇಲ್ಲ."

ಮಾತಿನಲ್ಲಿ ತಪ್ಪಿರಲಿಲ್ಲ. ವಾರ ಕಾದ ಉಚ್ಚಂಗೆಮ್ಮ ಒಲೆ, ಹಂಚು, ಎರಡು ಕೋಳಿ ಹೊತ್ತು ಕಚೇರಿಯ ಪಡಸಾಲೆಗೆ ಬಂದಿಳಿದಳು. ಹಿಂದೆಯೇ ಸಾಹೇಬರ ಮನೆಯವರೂ ಟ್ರಂಕು ತಂದರು.

ಆರು ತಿಂಗಳ ಮೇಲೆ ಬಳ್ಳಾರಿಯಿಂದ ತಪಾಸಣೆಗೆ ಬಂದ ಮೇಲಧಿಕಾರಿಗಳು, ಐದಕ್ಕೆ ಮುಂಚೆ ಒಬ್ಬನೂ ಎದ್ದುಹೋಗದ ಕಚೇರಿ ಇದೊಂದೇ ಎಂದು ಮೆಚ್ಚಿ ಬರೆದರು. ಐದರ ಬಸ್ಸಿಗೆ ಹೊರಡುವುದಾಗಿ ಹೇಳಿ, ಜಾಡಿಯ ಮುಂದೆ ಕುಳಿತರು.

ಉಚ್ಚಂಗೆಮ್ಮ ಒಂದು ರೊಟ್ಟಿ ಹೆಚ್ಚಿಗೆ ಬಡಿದಳು. ಜಡೆಪ್ಪ ಬಿಸಿ ರೊಟ್ಟಿ ಮುರಿಯುತ್ತ, ಮಾಳಿಗೆ ಸೋರದ ಮೂಲೆ ನೋಡಿ ಅವರಿಗೂ ಒಂದು ಚಾಪೆ ಹಾಸಿದ.