ಎಂಟನೇ ವಾಲು

ತಪ್ಪು ಒಂದೇ ಒಂದು ಅಂಕಿಯದು. ಏಳು ಒತ್ತಬೇಕಾದ ಕಡೆ ಮೈಲಾರಿ ಎಂಟು ಒತ್ತಿದ. ದೊಡ್ಡ ಪಾಪ ಮಾಡಿ ಕೆಡುವುದಕ್ಕೂ ಒಂದು ಯೋಗ್ಯತೆ ಬೇಕು, ಅದು ಅವನಿಗಿರಲಿಲ್ಲ.

ಸವಳಂಗದಿಂದ ನಾಲ್ಕು ಮೈಲಿ ಒಳಗಿನ ಊರೊಂದಕ್ಕೆ ಅವನು ನೀರಗಂಟಿ. ಬೆಳಗಾದರೆ ಓಣಿ ಓಣಿಯ ವಾಲು ತಿರುಗಿಸಿ ನಲ್ಲಿಗೆ ನೀರು ಬಿಡುವುದು, ಆಮೇಲೆ ಮುಚ್ಚುವುದು, ಎರಡಕ್ಕೂ ಬೈಸಿಕೊಳ್ಳುವುದು. ಹದಿನೈದು ವರ್ಷದಲ್ಲಿ ಅವನನ್ನು ಹೆಸರು ಹಿಡಿದು ಮಾತಾಡಿಸಿದವರೆಲ್ಲ ನೀರಿಗಾಗಿಯೇ ಮಾತಾಡಿಸಿದ್ದರು. ಅದಕ್ಕೇ ಅವನು ಮೊಬೈಲಿನ ‘ಕಲ್ಲುಕೋಟೆ’ ಆಟ ಹಿಡಿದಿದ್ದ.

ಆ ಆಟದಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ‘ಬಾಗಿಲು ತೆಗೆ’ ಎಂದು ಬರೆದರೆ ‘ತೆಗೆಯಿತು, ಒಳಗೆ ಹುಲಿ ಇದೆ’ ಎಂದು ಉತ್ತರ ಬರುತ್ತದೆ. ನಡೆಸುವವರು ಹೊನ್ನಾಳಿಯ ನಿವೃತ್ತ ಹೆಡ್‌ಮಾಸ್ಟರ್ ಪಂಚಾಕ್ಷರಪ್ಪನವರು. ಚನ್ನಗಿರಿ, ಜಗಳೂರು, ನ್ಯಾಮತಿ ಕಡೆಯ ಇನ್ನೂರ ಹನ್ನೆರಡು ಮಂದಿ ಆಡುತ್ತಾರೆ. ಹೆಸರು ಬರೆಯುವ ಮೊದಲು ಏಳು ಹಾಕಿದರೆ ಬಂಗಾರದ ಬಣ್ಣ, ಎಂಟು ಹಾಕಿದರೆ ಬೂದಿ ಬಣ್ಣ. ಹೆಸರು ಮುಗಿದ ಮೇಲೆ ಸೊನ್ನೆ ಹಾಕಿ ಬಣ್ಣ ನಿಲ್ಲಿಸಬೇಕು. ಇಲ್ಲವಾದರೆ ಅದು ಪಟ್ಟಿಯಲ್ಲಿ ಕೆಳಗಿರುವವರ ಮೇಲೆಲ್ಲ ಹರಿಯುತ್ತದೆ. ಆಟದವರು ಯಾರಾದರೂ ನಿಜವಾಗಿ ತೀರಿಕೊಂಡರೆ ಮನೆಯವರು ಹೆಸರಿಗೆ ಬೂದಿ ಬಳಿಯುವುದು ಅಲ್ಲಿನ ಪದ್ಧತಿ. ಬಳಿದ ಕೂಡಲೇ ಆ ಹೆಸರಿನ ಬಾಯಿ ಕಟ್ಟುತ್ತದೆ; ಆಟದಲ್ಲಿ ಏನೂ ಬರೆಯಲಾಗದು, ಬಣ್ಣವನ್ನೂ ಬದಲಿಸಲಾಗದು. ಸಂಜೆ ಆರಕ್ಕೆ ಯಂತ್ರವೇ ಆ ಖಾತೆಯನ್ನು ಕಾಯಂ ಮುಚ್ಚುತ್ತದೆ.

ಅಂದು ಕೋಟೆಯ ನಾಯಕನ ಆಯ್ಕೆ. ಹಿಂದಿನ ವರ್ಷ ಬಿದ್ದ ವೋಟಿನ ಪ್ರಕಾರ ಪಟ್ಟಿಯಿತ್ತು. ಮೈಲಾರಿ ಕಟ್ಟಕಡೆಯವನು, ಬಿದ್ದಿದ್ದು ಒಂದೇ ವೋಟು, ಅವನದೇ. ಈ ಸಲ ಹೆಸರಾದರೂ ಹೊಳೆಯಲಿ ಎಂದು ಬೆಳಗ್ಗೆಯೇ ಮೊಬೈಲ್ ಹಿಡಿದು ಕೂತ. ಆಗ ಬಾಗಿಲಲ್ಲಿ ಕಾಟಮ್ಮಜ್ಜಿ ಬಂದು ನಿಂತಳು.

“ಎಂಟನೇ ವಾಲು ತಿರುವೋ ಮೈಲಾರಿ. ಎಂಟು ದಿನ ಆತು ನಮ್ಮ ಓಣಿ ನೀರು ಕಂಡು. ಎಂಟು ಎಂಟು ಅಂತ ಹೇಳಿ ಹೇಳಿ ಬಾಯಿ ಒಣಗೈತೆ.”

ಹದಿನೈದು ವರ್ಷ ಹೇಳಿದ ವಾಲು ತಿರುಗಿಸಿದ ಕೈ. ಎಂಟು ಎಂದೊಡನೆ ಎಂಟನ್ನೇ ಒತ್ತಿತು. ಹೆಸರು ಬರೆದದ್ದಾಯಿತು, ಸೊನ್ನೆ ಹಾಕುವ ಮೊದಲೇ ಅಜ್ಜಿ ಅವನನ್ನು ಎಬ್ಬಿಸಿ ಹೊರಡಿಸಿದಳು.

ಊರಾಚೆ ತಗ್ಗಿನಲ್ಲಿ ಎಂಟನೇ ವಾಲು ತಿರುಗಿಸಿ, ಬೇವಿನ ನೆರಳಲ್ಲಿ ಮೊಬೈಲ್ ತೆಗೆದರೆ ಅವನು ಸತ್ತು ಅರ್ಧ ಗಂಟೆಯಾಗಿತ್ತು.

‘ಎಂಥಾ ಒಳ್ಳೆ ಜೀವ’ ಎಂದು ಜಗಳೂರಿನ ಸುನೀತಾ ಬರೆದಿದ್ದಳು. ಅವನ ಏಳು ವರ್ಷದ ನಮಸ್ಕಾರಗಳಿಗೆ ಒಮ್ಮೆಯೂ ತಿರುಗಿ ನಮಸ್ಕಾರ ಹೇಳದವಳು. ಚನ್ನಗಿರಿಯವರೊಬ್ಬರು, ‘ಗೌರವಕ್ಕೆ ನನ್ನ ವೋಟು ಮೈಲಾರಿಗೇ’ ಎಂದರು. ಉಳಿದವರೂ ಹಾಗೇ ಮಾಡಿದರು. ಸತ್ತವನು ನಾಯಕನಾದರೆ ಯಾರ ಹೊಟ್ಟೆಯೂ ಉರಿಯುವುದಿಲ್ಲ ನೋಡಿ. ಮಧ್ಯಾಹ್ನದ ಹೊತ್ತಿಗೆ ಇನ್ನೂರ ಹನ್ನೊಂದು ವೋಟು ಬಿದ್ದಿದ್ದವು. ಮೈಲಾರಿ ಬೇವಿನ ಬುಡದಲ್ಲಿ ಕೂತು ಸಂತೋಷಕ್ಕೆ ಅತ್ತ. ಆಮೇಲೆ ಸಂಜೆ ಆರು ಗಂಟೆ ನೆನಪಾಗಿ, ವಾಲಿನ ಕೀಲಿಯನ್ನು ಅಲ್ಲೇ ಬಿಟ್ಟು ಎದ್ದ.

ಫೋನಿನಲ್ಲಿ ಪಂಚಾಕ್ಷರಪ್ಪನವರು ಜಗ್ಗಲಿಲ್ಲ. “ಸತ್ತೋರ ಫೋನಿಂದ ಯಾರು ಬೇಕಾದ್ರೂ ಮಾತಾಡಬಹುದಪ್ಪ. ಹೋದ ವರ್ಷ ಒಬ್ಬನ ಭಾವಮೈದ ಮೂರು ತಿಂಗಳು ಹಂಗೇ ಆಡಿದ್ದ. ನಿಮ್ಮೂರಿನ ಇಬ್ಬರ ದನೀಲಿ ನೀನು ಬದುಕಿದೀಯ ಅಂತ ರೆಕಾರ್ಡ್ ಮಾಡಿ ಕಳಿಸು.”

ಮೈಲಾರಿ ಕಾಟಮ್ಮಜ್ಜಿಯ ಬಾಯಿಗೆ ಮೊಬೈಲ್ ಹಿಡಿದ.

“ನಾನು ಬದುಕಿದೀನಿ ಅಂತ ಹೇಳಜ್ಜಿ.”

“ಎಂಟು ದಿನ ನೀರು ಬಿಡದೋನು ಬದುಕಿದ್ರೇನು? ನಮ್ಮ ಓಣಿ ಪಾಲಿಗೆ ಇವನು ಸತ್ತು ವಾರ ಆತು.”

ಅದನ್ನು ಕೇಳಿ ಮೇಷ್ಟ್ರು, ‘ಸಾವಿನ ದಿನಾಂಕವೂ ಸಿಕ್ಕಿತು, ಓಂ ಶಾಂತಿ’ ಎಂದು ಬರೆದರು.

ಚಹಾದಂಗಡಿ ವಿರೂಪಾಕ್ಷಪ್ಪ ಊರಿಗೆಲ್ಲ ಬುದ್ಧಿ ಹೇಳುವವನು. “ದನಿ ಅಂದ್ರೆ ಸಹಿ ಇದ್ದಂಗೆ,” ಎಂದ. “ನಾಳೆ ನೀನು ಸತ್ತರೆ ನಾನು ಸುಳ್ಳು ಹೇಳಿದಂಗೆ ಆಗಲ್ವಾ?”

“ನಾಳೆದು ನಾಳೆಗೆ ಅಣ್ಣಾರೆ. ಇವತ್ತು ಬದುಕಿದೀನಲ್ಲ.”

“ಮುಖ ನೋಡಿದ್ರೆ ಹಂಗೇನೂ ಕಾಣಲ್ಲ. ಚಹಾ ಕುಡೀತೀಯಾ?”

ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಬದುಕಿದ್ದೇನೆ ಎಂದು ಹೇಳಿ ಎನ್ನುವವನನ್ನು ಕಂಡರೆ ಜನಕ್ಕೆ ಭಯ. ಕೆಲವರು ಬಾಗಿಲು ಹಾಕಿಕೊಂಡರು. ಮೈಲಾರಿ ಮುಂದಿನ ಬಾಗಿಲಿಗೆ ನಡೆದ. ಒಂದೇ ಒಂದು ಕಡೆ ತನ್ನನ್ನು ಒಳ್ಳೆಯವನೆಂದರು, ಆ ಕಡೆಗೇ ಇನ್ನು ಹೋಗುವಂತಿಲ್ಲ.

ಐದೂವರೆಗೆ ಊರಿಗೆ ಊರೇ ಅವನನ್ನು ಹುಡುಕಿಕೊಂಡು ಬಂತು. ಎಂಟನೇ ವಾಲು ಬೆಳಗ್ಗೆಯಿಂದ ತೆರೆದೇ ಇತ್ತು. ಕಾಟಮ್ಮಜ್ಜಿಯ ಓಣಿ ಕೆಸರುಗದ್ದೆಯಾಗಿತ್ತು, ಮೇಲಿನ ಟ್ಯಾಂಕಿನಲ್ಲಿ ಹನಿ ನೀರಿರಲಿಲ್ಲ. ನಲವತ್ತು ಬಾಯಿ ಒಟ್ಟಿಗೆ ಅವನ ವಂಶದ ಮೂರು ತಲೆಮಾರನ್ನು ಎತ್ತಿ ಆಡಿದವು. ಮೈಲಾರಿಗೆ ಜನ್ಮದಲ್ಲೇ ಮೊದಲ ಸಲ ಸಮಯಕ್ಕೆ ಸರಿಯಾಗಿ ಬುದ್ಧಿ ಬಂತು. ಮೊಬೈಲ್ ಎತ್ತಿ ಹಿಡಿದು ಅಷ್ಟನ್ನೂ ರೆಕಾರ್ಡ್ ಮಾಡಿ ಕಳಿಸಿದ.

ಮೇಷ್ಟ್ರ ಫೋನು ಕೂಡಲೇ ಬಂತು. “ಸತ್ತೋರನ್ನ ನಮ್ಮ ಕಡೆ ಯಾರೂ ಹಿಂಗೆ ಬೈಯಲ್ಲಪ್ಪ. ನೀನು ಬದುಕಿರೋದು ಖರೇ. ನಿನ್ನ ಹೆಸರಿನ ಬಾಯಿ ಬಿಚ್ಚೀನಿ, ನಿನ್ನನ್ನ ಯಂತ್ರ ಮುಟ್ಟದಂಗೂ ಮಾಡೀನಿ. ಬಿದ್ದ ವೋಟು ಬಿದ್ದವು, ನೀನೇ ನಾಯಕ; ಪಟ್ಟಿ ತಲೆ ಮೇಲೆ ಹಾಕೀನಿ. ಬೂದಿ ಬಣ್ಣ ಮಾತ್ರ ನೀನೇ ತೆಗಿ. ಸೊನ್ನೆ ಮರಿಬ್ಯಾಡ.”

“ಈಗ್ಲೇ ತೆಗೀತೀನಿ ಸರ್,” ಎನ್ನುವಷ್ಟರಲ್ಲಿ ವಿರೂಪಾಕ್ಷಪ್ಪ ಮೊಬೈಲ್ ಕಿತ್ತುಕೊಂಡ.

“ಮೊದ್ಲು ವಾಲು ಮುಚ್ಚಿ ಬಾ. ಇದು ಅಲ್ಲೀತನ ನನ್ನ ಹತ್ರ ಇರ್ಲಿ.”

“ಒಂದೇ ಒಂದು ಸೊನ್ನೆ ಅಣ್ಣಾರೆ.”

“ಟ್ಯಾಂಕಿನಾಗೆ ಇರೋದೂ ಅದೇಯ. ನಡಿ.”

ಮೈಲಾರಿ ಓಡಿದ. ಕೀಲಿ ಕೆಸರಿನಲ್ಲಿ ಹೂತಿತ್ತು. ಕೈಯಾಡಿಸಿ ಹುಡುಕಿ, ಎಂಟನೇ ವಾಲನ್ನು ಬಿಗಿಯಾಗಿ ಮುಚ್ಚಿದ. ಒಳಗೆ ನಿಲ್ಲಿಸುವುದಕ್ಕೆ ನೀರೇನೂ ಇರಲಿಲ್ಲ. ವಾಪಸ್ಸು ಬಂದು ಮೊಬೈಲ್ ಇಸಿದುಕೊಂಡಾಗ ಆರು ದಾಟಿ ಐದು ನಿಮಿಷ.

ಪಟ್ಟಿಯ ತಲೆಯ ಮೇಲೆ ಅವನ ಹೆಸರಿತ್ತು. ಅಲ್ಲಿಂದ ಬೂದಿ ಬಣ್ಣ, ತಡೆಯುವ ಸೊನ್ನೆಯಿಲ್ಲದೆ, ಸುನೀತಾಳ ಮೇಲೆ, ಚನ್ನಗಿರಿಯವರ ಮೇಲೆ, ಪಂಚಾಕ್ಷರಪ್ಪನವರ ಮೇಲೆ, ಕೊನೆಯವರೆಗೂ ಹರಿದಿತ್ತು. ಆರಕ್ಕೆ ಸರಿಯಾಗಿ ಯಂತ್ರ ಬಂದು ತನ್ನ ಕೆಲಸ ಮಾಡಿತ್ತು. ಮುಟ್ಟಬೇಡ ಎಂದಿದ್ದ ಒಬ್ಬನನ್ನು ಮುಟ್ಟಿರಲಿಲ್ಲ.

ಮೇಷ್ಟ್ರಿಗೆ ಫೋನು ಮಾಡಿದ. “ನಂದೂ ಮುಚ್ಚೈತೆ ಕಣಪ್ಪ, ಒಳಗೆ ಹೋಗಾಕೆ ದಾರಿ ಇಲ್ಲ,” ಎಂದರು. “ಮತ್ತೆ ಮೊದ್ಲಿಂದ ಆಡಾಕೆ ಯಾರಿಗೂ ಮನಸಿಲ್ಲಂತೆ. ನೀನು ಆಡ್ಕೊ.”

ಮೈಲಾರಿ ಜಗಲಿಯ ಮೇಲೆ ಕೂತು ‘ಎಲ್ಲರಿಗೂ ನಮಸ್ಕಾರ’ ಎಂದು ಬರೆದ.

‘ಕೋಟೆಯಲ್ಲಿ ಯಾರೂ ಇಲ್ಲ’ ಎಂದು ಉತ್ತರ ಬಂತು.

ಓಣಿಯ ತುದಿಯಿಂದ ಕಾಟಮ್ಮಜ್ಜಿ ಖಾಲಿ ಕೊಡ ಹಿಡಿದು ಕೂಗಿದಳು. “ಮೈಲಾರೀ, ಏ ಮೈಲಾರೀ, ಎಷ್ಟು ಕರೀಬೇಕೋ, ಸತ್ತೀಯೇನು?”

“ನಾನಲ್ಲಜ್ಜಿ,” ಎಂದ ಮೈಲಾರಿ. “ಉಳಿದೋರೆಲ್ಲ.”